ಜಿಪ್ಪಿನ ಮೇಲೊಂದು ಕೂದಲು

ಜುಲೈ 22, ಭಾನುವಾರ. ಪೋರ್ಟ್ ವಿಲಾ, ವನುವಾಟು

ನಿನ್ನೆ ಮಧ್ಯಾಹ್ನ ಬಂದಿಳಿದೆವು. ಕೊಲ್ಲಿಯ ನೀರಿನ ಬಣ್ಣದ ಬಗ್ಗೆ ಬರೆಯಬೇಕೆಂದು ಈ ಪುಸ್ತಕ ತಂದಿದ್ದೆ. ಮೊದಲ ಪುಟದಲ್ಲೇ ದುಡ್ಡಿನ ಮಾತು ಬರುತ್ತಿದೆ. ಬರಲಿ.

ಕಾರ್ಡು ಒಂದೇ, ಅದೂ ನನ್ನ ಹೆಸರಿನಲ್ಲಿ ಮಾತ್ರ. ಹದಿನೈದು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದ್ದಕ್ಕೆ ಸಿಕ್ಕಿದ ದೀರ್ಘ ರಜೆಯ ಸಂಬಳದಲ್ಲಿ ಮೂರು ಸಾವಿರ ಡಾಲರ್ ಅದಕ್ಕೆ ತುಂಬಿಸಿದ್ದೇನೆ. ಪ್ರವಾಸದ ಕೈಪಿಡಿಗಳೆಲ್ಲ ಎರಡು ಕಾರ್ಡು ಒಯ್ಯಿರಿ, ಬೇರೆ ಬೇರೆ ಚೀಲದಲ್ಲಿಡಿ ಎನ್ನುತ್ತವೆ. ಅವನ್ನು ಬರೆದವರು ನೆವಿಲ್‌ನಂಥವನನ್ನು ಮದುವೆಯಾಗಿರಲಿಕ್ಕಿಲ್ಲ. ನಮ್ಮಿಬ್ಬರ ಹೆಸರಿನ ಇನ್ನೊಂದು ಕಾರ್ಡು ನ್ಯೂಕ್ಯಾಸಲ್‌ನಲ್ಲಿ, ನನ್ನ ಅಕ್ಕ ಬೆವ್‌ಳ ಅಡುಗೆಮನೆಯಲ್ಲಿ, ಚಮಚಗಳ ಡ್ರಾಯರಿನ ತಳದಲ್ಲಿದೆ.

ಇಲ್ಲಿನ ಎಟಿಎಂ ಐದು ಸಾವಿರ ವಾಟು ತೆಗೆದರೂ ಐವತ್ತು ಸಾವಿರ ತೆಗೆದರೂ ಆರುನೂರು ಕತ್ತರಿಸಿಕೊಳ್ಳುತ್ತದೆ. ಬುದ್ಧಿಯಿದ್ದವರು ಒಮ್ಮೆಗೇ ತೆಗೆದು ವಾರವೆಲ್ಲ ಖರ್ಚು ಮಾಡುತ್ತಾರೆ. ನಾನು ದಿನಕ್ಕೆ ಐದು ಸಾವಿರ ಮಾತ್ರ ತೆಗೆಯುವುದೆಂದು ನಿಶ್ಚಯಿಸಿದ್ದೇನೆ. ಕೋಣೆಯಲ್ಲಿ ನೋಟಿನ ಕಂತೆ ಇರಬಾರದು. ನಂಬದೇ ಇರುವುದಕ್ಕೆ ದಿನದ ಬಾಡಿಗೆ ಆರುನೂರು ವಾಟು, ಅಂದರೆ ಏಳು ಡಾಲರ್. ಊರಿನ ಕ್ಲಬ್ಬಿನಲ್ಲಿ ಸಾಲಾಗಿ ನಿಂತ ಜೂಜಿನ ಯಂತ್ರಗಳು ಅಮ್ಮನ ಮನೆ ಮಾರಿದ ಹಣವನ್ನೆಲ್ಲ ನುಂಗಿದವು. ಅದರೆದುರು ಈ ಬಾಡಿಗೆ ಅಗ್ಗವೇ.

ಬೆಳಿಗ್ಗೆ ಅವನಿಗೆ ಐನೂರು ಕೊಡುತ್ತೇನೆ, ಕೈಖರ್ಚಿಗೆ. "ಥ್ಯಾಂಕ್ಸ್ ಲೊರಿ" ಅನ್ನುತ್ತಾನೆ. ಐವತ್ತು ದಾಟಿದ ಗಂಡಸು, ಬಸ್ಸುಗಳ ಇಂಜಿನ್ ಬಿಚ್ಚಿ ಜೋಡಿಸುವ ಕೈ, ಆ ಕೈಯನ್ನು ಶಾಲೆಯ ಹುಡುಗನ ಹಾಗೆ ಚಾಚುತ್ತಾನೆ. ನೋಡಲಾಗುವುದಿಲ್ಲ. ಆದರೂ ಕೊಡುವ ಮುಂಚೆ ಒಂದು ಕ್ಷಣ ತಡೆಯುತ್ತೇನೆ, ಯಾಕೋ.

ಅವನು ಆಡುವುದು ಬಿಟ್ಟು ಹನ್ನೊಂದು ತಿಂಗಳು. ಆಗಸ್ಟ್ ಕೊನೆಗೆ ವರ್ಷ. ಅಷ್ಟರೊಳಗೆ ಒಂದೇ ಒಂದು ಸಲ ಜಾರಿದರೂ ನಾನು ಬೆವ್ ಮನೆಗೆ ಹೋಗಿಬಿಡುತ್ತೇನೆ. ಇದು ಅವನಿಗೂ ಗೊತ್ತು. ಬೆವ್ ಹಿಂದಿನ ಕೋಣೆಗೆ ಬಣ್ಣ ಹೊಡೆಸಿ ಕಾಯುತ್ತಿದ್ದಾಳೆ.

ಜುಲೈ 23, ಸೋಮವಾರ

ನಮ್ಮ ಕೋಣೆ ಲೈಸಾಲೆ ಎಂಬವಳ ಹಿತ್ತಿಲಿನಲ್ಲಿದೆ. ಬಾಡಿಗೆ ಮೊದಲೇ ಕಟ್ಟಿಯಾಗಿದೆ. ದಪ್ಪನೆಯ, ನಗೆ ಹೊಟ್ಟೆಯಿಂದ ಬರುವ ಹೆಂಗಸು. ಮುಂಬಾಗಿಲ ಕಿಟಕಿಯಲ್ಲೇ ಅಂಗಡಿ: ಬ್ರೆಡ್ಡು, ಅಕ್ಕಿ, ಡಬ್ಬಿಮೀನು, ಸೋಪು. ಮೊದಲ ದಿನವೇ ನನ್ನನ್ನು ಅಕ್ಕ ಮಾಡಿಕೊಂಡಳು. ಹಾಗಾಗಿ ನೆವಿಲ್ ಭಾವ. ಇಲ್ಲಿ ಭಾವನನ್ನು ಗೇಲಿ ಮಾಡುವುದು ನಾದಿನಿಯ ಹಕ್ಕು, ಕರ್ತವ್ಯ ಕೂಡ.

"ಭಾವಾ, ನಿನ್ನ ಬೆನ್ನು ನೋಡಿದ್ಯಾ? ಸುಟ್ಟ ಸೀಗಡಿ ಥರ ಆಗಿದೆ. ಸ್ವಲ್ಪ ತೆಂಗಿನಹಾಲು ಹಾಕಿದ್ರೆ ಊಟಕ್ಕೇ ಬಡಿಸಬಹುದು."

"ನನ್ನ ಮಾಂಸ ಗಟ್ಟಿ ಕಣೇ, ನಿನ್ನ ಹಲ್ಲು ಹೋಗ್ತವೆ."

"ಇಪ್ಪತ್ತೈದು ವರ್ಷ ಅಕ್ಕ ಅಗಿದಿದ್ದಾಳಲ್ಲ, ಮೆತ್ತಗಾಗಿರ್ತೀಯ ಬಿಡು!"

ನೆವಿಲ್ ನಕ್ಕ. ನಾನೂ ನಕ್ಕೆ. ಅವನು ನಗುವುದನ್ನು ಕೇಳಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕತೊಡಗಿದೆ. ಅಲ್ಲಿಗೆ ನನ್ನ ನಗು ನಿಂತಿತು.

ಜುಲೈ 24, ಮಂಗಳವಾರ

ಬಿಸಿಲಿಗೆ ಹಚ್ಚುವ ಮುಲಾಮು ಹುಡುಕುತ್ತ ನೆವಿಲ್‌ನ ಕ್ಷೌರದ ಚೀಲ ತೆರೆದೆ. ಒಳಗಿನ ಜಿಪ್ಪಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಸುರುಳಿ ಸುತ್ತಿದ ನೋಟುಗಳು. ನಮ್ಮ ದೇಶದ ಐವತ್ತು ಡಾಲರಿನ ಹಳದಿ ನೋಟು. ಎಂಟು. ನಾನೂರು ಡಾಲರ್.

ಹೊರಗೆ ಮಕ್ಕಳ ಹಬ್ಬದ ಮೆರವಣಿಗೆ, ಪೀಪಿ, ಡೋಲು. ನೆವಿಲ್ ಗೇಟಿನ ಬಳಿ ನಿಂತು ಚಪ್ಪಾಳೆ ತಟ್ಟುತ್ತಿದ್ದ.

ನೋಟುಗಳನ್ನು ಇದ್ದ ಹಾಗೇ ಇಟ್ಟೆ. ಮಂಚದ ಅಂಚಿನಲ್ಲಿ ಕುಳಿತೆ. ಎಲ್ಲಿಂದ ಬಂತು? ಅವನ ಸಂಬಳ ನೇರ ನನ್ನ ಖಾತೆಗೆ ಬರುತ್ತದೆ. ಇಲ್ಲಿ ಕಡಲದಂಡೆಯ ರಸ್ತೆಯಲ್ಲಿ ಕ್ಯಾಸಿನೊ ಇದೆ, ವಿಮಾನದ ಟಿಕೆಟು ತೆಗೆದ ಮೇಲೆ ಗೊತ್ತಾಯಿತು. ಅವನಿಗೆ ಮೊದಲೇ ಗೊತ್ತಿತ್ತೇನೋ. ವನುವಾಟುಗೆ ಹೋಗೋಣ ಅಂದವನು ಅವನೇ.

ಕೇಳಲಿಲ್ಲ. ಕೇಳಿದರೆ ಕಥೆ ಕಟ್ಟುತ್ತಾನೆ, ಕಥೆ ಚೆನ್ನಾಗಿರುತ್ತದೆ, ನಾನು ನಂಬುತ್ತೇನೆ. ನೋಟು ಕಡಿಮೆಯಾಗಲಿ. ಆಗ ಕಥೆಗೆ ಜಾಗವಿರುವುದಿಲ್ಲ.

ಜುಲೈ 25, ಬುಧವಾರ

ಬೆಳಿಗ್ಗೆ ಎಂಟು. ಸಂಜೆ ಎಂಟು.

ಮಧ್ಯಾಹ್ನ ಹವಳದ ದಿಬ್ಬದ ಬಳಿ ಈಜುವಾಗ ಕಾಲು ಕೊಯ್ದುಕೊಂಡೆ. ಹಿಮ್ಮಡಿಯ ಮೇಲೆ ಎರಡಂಗುಲದ ಗೀರು. ನೆವಿಲ್ ಉಪ್ಪುನೀರಿನಲ್ಲಿ ತೊಳೆದು ಬಟ್ಟೆ ಕಟ್ಟಿದ. "ಹವಳದ ಗಾಯ ಕೆಟ್ಟದ್ದು ಲೊರಿ, ಡಾಕ್ಟರಿಗೆ ತೋರಿಸೋಣ" ಅಂದ. "ಇಷ್ಟಕ್ಕೆಲ್ಲ ದುಡ್ಡು ಸುರೀಬೇಕಾ?" ಅಂದೆ. ಅವನು ಬಟ್ಟೆಯ ಗಂಟು ಬಿಗಿದ. ಈ ಪ್ರಶ್ನೆ ಕೇಳಿದರೆ ಅವನು ಯಾವಾಗಲೂ ಸುಮ್ಮನಾಗುತ್ತಾನೆ.

ಜುಲೈ 26, ಗುರುವಾರ

ಎಂಟು. ಎಂಟು. ಎಂಟು.

ಅವನು ಸ್ನಾನಕ್ಕೆ ಹೋದಾಗ ಒಮ್ಮೆ, ಲೈಸಾಲೆಯ ನೀರಿನ ಪಂಪು ಸರಿಮಾಡಲು ಹೋದಾಗ ಒಮ್ಮೆ, ಊಟದ ಮೇಲೆ ಒಮ್ಮೆ. ಪ್ರತಿ ಸಲ ಬಿಚ್ಚಿ ಎಣಿಸುವುದು ಅಪಾಯ. ಅದಕ್ಕೇ ತಲೆಯಿಂದ ಒಂದು ಕೂದಲು ಕಿತ್ತು ಜಿಪ್ಪಿನ ಹಲ್ಲುಗಳ ಮೇಲೆ ಅಡ್ಡ ಇಟ್ಟಿದ್ದೇನೆ. ಕೂದಲು ಇದ್ದಲ್ಲೇ ಇದ್ದರೆ ಮುಟ್ಟಿಲ್ಲ ಎಂದರ್ಥ. ಸಂಜೆ ನೋಡಿದೆ, ಇದ್ದಲ್ಲೇ ಇತ್ತು. ಆದರೂ ತೆಗೆದು ಎಣಿಸಿದೆ.

ಪೇಟೆಗೆ ಹೋಗುವಾಗ ಕ್ಯಾಸಿನೊ ಇರುವ ಹೋಟೆಲು ಹತ್ತಿರ ಬಂದ ಕೂಡಲೆ ನೆವಿಲ್ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಾನೆ. ಸಮುದ್ರದ ಕಡೆ ಮುಖ ಮಾಡಿ ನಡೆಯುತ್ತಾನೆ. ಎಷ್ಟು ಜಾಣ. ನಾನು ನೋಡುತ್ತಿದ್ದೇನೆಂದು ಗೊತ್ತು.

ಕವಿತೆಯ ಪುಸ್ತಕ ತಂದಿದ್ದೇನೆ. ಒಂದೇ ಪುಟವನ್ನು ನಾಲ್ಕು ದಿನದಿಂದ ಓದುತ್ತಿದ್ದೇನೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಚೀಲದ ಕಡೆ ಕಣ್ಣು ಹೋಗುತ್ತದೆ.

ಎಂಟು ಏಳಾಗುವ ಗಳಿಗೆಯನ್ನು ನೆನೆದರೆ ಎದೆ ಬಡಿದುಕೊಳ್ಳುತ್ತದೆ. ಹೆದರಿಕೆಯೇ ಇರಬೇಕು.

ಜುಲೈ 27, ಶುಕ್ರವಾರ

ಕಾರ್ಡು ಹೋಯಿತು.

ಹೇಗೆ ಹೋಯಿತೆಂದು ಬರೆಯುತ್ತೇನೆ, ಇಲ್ಲದಿದ್ದರೆ ತಲೆಯೊಳಗೆ ತಿರುಗುತ್ತಲೇ ಇರುತ್ತದೆ. ನಮ್ಮ ಊರಿನಲ್ಲಿ ನಾನು ಹೋಗುವ ಎಟಿಎಂ ಮೊದಲು ಕಾರ್ಡು ಕೊಡುತ್ತದೆ, ಆಮೇಲೆ ನೋಟು. ನೋಟು ಕೈಗೆ ಬಂದರೆ ಕೆಲಸ ಮುಗಿಯಿತು, ಇಪ್ಪತ್ತು ವರ್ಷದ ಅಭ್ಯಾಸ. ಇಲ್ಲಿ ತಿರುಗುಮುರುಗು. ಮೊದಲು ನೋಟು, ಕಾರ್ಡು ಕೊನೆಗೆ. ಐದು ದಿನ ನೆನಪಿಟ್ಟುಕೊಂಡಿದ್ದೆ.

ಇವತ್ತು ಸಂಜೆ ನಾಲ್ಕೂವರೆಗೆ ನೋಟು ಹೊರಬರುವ ಹೊತ್ತಿಗೆ ನೆವಿಲ್ ಹಿಂದಿನಿಂದ ಬಂದು ಭುಜ ಹಿಡಿದ. ನಾನು ಕುಂಟುತ್ತಿದ್ದೇನಲ್ಲ, ಆಸರೆಗೆ ಬಂದ. ಪರದೆಯ ಮೇಲೆ ಉಳಿದ ಹಣ ಕಾಣುತ್ತಿತ್ತು. ಅವನಿಗೆ ಕಾಣಬಾರದೆಂದು ಬೆನ್ನು ಅಡ್ಡ ಕೊಟ್ಟು, ನೋಟು ಬಾಚಿಕೊಂಡು, "ನಡಿ ನಡಿ" ಎಂದು ಅವನನ್ನು ತಳ್ಳಿಕೊಂಡೇ ಹೊರಟೆ. ರಸ್ತೆ ದಾಟಿದ ಮೇಲೆ ನೆನಪಾಯಿತು. ತಿರುಗಿ ಹೋಗುವಷ್ಟರಲ್ಲಿ ಎಟಿಎಂ ಕಾರ್ಡನ್ನು ಒಳಗೆಳೆದುಕೊಂಡಿತ್ತು. ಬ್ಯಾಂಕಿನ ಬಾಗಿಲು ಹಾಕಿತ್ತು. ಸೋಮವಾರ ಇಲ್ಲಿನ ಸ್ವಾತಂತ್ರ್ಯ ದಿನ. ಇನ್ನು ತೆರೆಯುವುದು ಮಂಗಳವಾರ.

ನೆವಿಲ್ ಹಣ್ಣು ಕೊಳ್ಳಲು ಹೋದಾಗ ಕಾರ್ಡಿನವರಿಗೆ ಫೋನ್ ಮಾಡಿದೆ. ಹುಡುಗಿ ಬಹಳ ಮರ್ಯಾದೆಯಿಂದ, ನಿಮ್ಮ ಕ್ಷೇಮಕ್ಕಾಗಿ ಕಾರ್ಡನ್ನು ರದ್ದು ಮಾಡಿದ್ದೇವೆ ಮೇಡಂ, ಹೊಸದು ಹತ್ತು ದಿನದಲ್ಲಿ ನಿಮ್ಮ ಮನೆಗೆ ಬರುತ್ತದೆ ಎಂದಳು. ಅಂದರೆ ಮಂಗಳವಾರ ಬ್ಯಾಂಕಿನವರು ನನ್ನ ಕೈಗಿಡುವುದು ಸತ್ತ ಕಾರ್ಡು. ನಾವು ಹೊರಡುವುದು ಬುಧವಾರ.

"ಏನಾಯ್ತು? ವಾಪಸ್ ಯಾಕೆ ಓಡಿದೆ?" ನೆವಿಲ್ ಕೇಳಿದ.

"ಇನ್ನೂ ಸ್ವಲ್ಪ ತೆಗೆಯೋಣ ಅಂತ. ಮಿಷನ್ನಲ್ಲಿ ದುಡ್ಡೇ ಖಾಲಿಯಂತೆ."

ಅವನು ನನ್ನ ಮುಖವನ್ನೇ ನೋಡಿದ. "ಹೌದಾ" ಅಂದ.

ಮಿಷನ್ನಲ್ಲಿ ದುಡ್ಡು ಖಾಲಿ. ಜೂಜಾಡುತ್ತಿದ್ದ ವರ್ಷಗಳಲ್ಲಿ ಅವನು ನನಗೆ ಹೇಳುತ್ತಿದ್ದ ಮಾತು ಇದೇ. ಆದರೆ ಅವನದು ಸುಳ್ಳು. ನಾನು ಒಂದೆರಡು ದಿನ ಮುಂದೂಡುತ್ತಿದ್ದೇನೆ, ಅಷ್ಟೇ.

ಜುಲೈ 28, ಶನಿವಾರ

ಮೂರು ಸಾವಿರದ ಎಂಟುನೂರು ಇತ್ತು. ಗಾಯದ ಔಷಧಿ, ಬಟ್ಟೆಪಟ್ಟಿ, ನೋವಿನ ಮಾತ್ರೆಗೆ ಎರಡು ಸಾವಿರದ ಆರುನೂರೈವತ್ತು ಹೋಯಿತು. ಉಳಿದದ್ದರಲ್ಲಿ ನೆವಿಲ್‌ಗೆ ಐನೂರು. ಕೊಡದಿದ್ದರೆ ಅನುಮಾನ ಬರುತ್ತದೆ.

ಹಣ ಕಳಿಸುವ ಅಂಗಡಿ ಮಧ್ಯಾಹ್ನದವರೆಗೆ ತೆರೆದಿತ್ತು. ಬೆವ್‌ಗೆ ಫೋನ್ ಮಾಡಿದ್ದರೆ ಒಂದು ಗಂಟೆಯಲ್ಲಿ ಕಳಿಸುತ್ತಿದ್ದಳು. ಮೂರು ಸಲ ನಂಬರು ಒತ್ತಿ, ಗಂಟೆ ಹೊಡೆಯುವ ಮುಂಚೆ ಕತ್ತರಿಸಿದೆ. ಅವಳ ಮಾತು ಮೊದಲೇ ಕಿವಿಯಲ್ಲಿತ್ತು: "ಕಾರ್ಡು ಮಿಷನ್ ನುಂಗ್ತಾ? ನೆವ್ ನುಂಗ್ಲಿಲ್ಲ ತಾನೆ?" ಈ ಸಲ ಅವನದಲ್ಲ, ನನ್ನದೇ ತಪ್ಪು ಎಂದು ಹೇಳುವುದಕ್ಕಿಂತ ಹಸಿದಿರುವುದು ಸುಲಭ ಅನ್ನಿಸಿತು. ಹನ್ನೆರಡು ಹೊಡೆಯಿತು. ಅಂಗಡಿ ಮುಚ್ಚಿತು.

ಬ್ರೆಡ್ಡು ಕೊಳ್ಳಲು ಕಿಟಕಿಗೆ ಹೋದರೆ ಲೈಸಾಲೆ ಬಿಳಿ ಬಟ್ಟೆ ತೊಟ್ಟು ಚರ್ಚಿನಿಂದ ಆಗಷ್ಟೇ ಬಂದಿದ್ದಳು. ಅವಳ ಚರ್ಚಿನವರಿಗೆ ಶನಿವಾರವೇ ಪವಿತ್ರ ದಿನ.

"ಇವತ್ತು ದುಡ್ಡು ಮುಟ್ಟಲ್ಲ ಅಕ್ಕಾ. ಸೂರ್ಯ ಮುಳುಗಲಿ."

"ಬ್ರೆಡ್ ಬೇಕಿತ್ತು."

"ಬ್ರೆಡ್ ಮಾರಲ್ಲ. ಊಟ ಮಾರಲ್ಲ, ಬಡಿಸ್ತೀನಿ. ಕೂತ್ಕೋ."

ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಲಾಪ್‌ಲಾಪ್ ಎಂಬ ಕಡುಬು, ಗೆಣಸು, ತೆಂಗಿನಹಾಲು. ನೆವಿಲ್ ಎರಡು ಸಲ ಬಡಿಸಿಕೊಂಡ. ನಾನು ಹೊಟ್ಟೆ ತುಂಬಿದೆ ಎಂದು ಅರ್ಧ ಬಿಟ್ಟೆ. ಬಿಟ್ಟಿ ಅನ್ನ ತಿಂದು ನನಗೆ ಅಭ್ಯಾಸವಿಲ್ಲ. ಲೈಸಾಲೆ ನನ್ನ ಕಾಲನ್ನೇ ನೋಡುತ್ತಿದ್ದಳು.

"ಅದು ಬಿಸಿ ಇದ್ಯಾ ಅಕ್ಕಾ?"

"ಇಲ್ಲ ಇಲ್ಲ."

ಬಿಸಿ ಇದೆ. ಹೆಂಚಿನಂತಿದೆ.

ಮತ್ತೆ ಆ ಚೀಲ. ಎಂಟು. ನನ್ನ ಕೈಗೆಟುಕುವಲ್ಲಿ ನಾನೂರು ಡಾಲರ್ ಇದೆ, ನಾನು ನೋವಿನ ಮಾತ್ರೆಯನ್ನು ಎರಡಾಗಿ ಮುರಿದು ನುಂಗುತ್ತಿದ್ದೇನೆ. ಕೇಳಿದರೆ ಹುಡುಕಿದ್ದನ್ನು ಒಪ್ಪಿಕೊಳ್ಳಬೇಕು. ಅವನು ಕೊಟ್ಟರೆ ಬಚ್ಚಿಟ್ಟದ್ದನ್ನು ಒಪ್ಪಿಕೊಳ್ಳಬೇಕು. ಕೂದಲು ಇದ್ದಲ್ಲೇ ಇದೆ.

ಜುಲೈ 29, ಭಾನುವಾರ, ಬೆಳಿಗ್ಗೆ

ಜ್ವರ. ಹಿಮ್ಮಡಿಯಿಂದ ಮೊಣಕಾಲಿನ ಕಡೆಗೆ ಒಂದು ಕೆಂಪು ಗೆರೆ ಹತ್ತುತ್ತಿದೆ. ನಿನ್ನೆ ಪಾದದ ಗಂಟಿನಲ್ಲಿತ್ತು.

ನೆವಿಲ್ ಹೊದಿಕೆ ಸರಿಸಿ ನೋಡಿದ. "ಏಳು, ಆಸ್ಪತ್ರೆಗೆ."

"ದುಡ್ಡಿಲ್ಲ."

"ಕಾರ್ಡು?"

ಹೇಳಿದೆ. ಎಟಿಎಂ, ಫೋನು, ಹತ್ತು ದಿನ, ಎಲ್ಲ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಶುಕ್ರವಾರದಿಂದ ಗೊತ್ತಿತ್ತಾ ನಿಂಗೆ?"

"ಹೂಂ."

"ನಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ಈಗ ಹೇಳು, ಎಂದು ಮನಸ್ಸಿನಲ್ಲೇ ಬೇಡಿದೆ. ಈಗ ಆ ಚೀಲ ತೆಗೆದು, ಲೊರಿ, ನನ್ನ ಹತ್ತಿರ ಇದೆ ಅನ್ನು. ಒಂದು ಮಾತು ಕೇಳುವುದಿಲ್ಲ, ಎಲ್ಲಿಂದ ಬಂತೆಂದೂ ಕೇಳುವುದಿಲ್ಲ, ಎಲ್ಲ ಮನ್ನಿಸಿಬಿಡುತ್ತೇನೆ.

ಅವನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. "ಬರ್ತೀನಿ, ಅಲ್ಲಾಡಬೇಡ" ಅಂದ. ಹೋದ.

ಅದೇ ದಿನ, ಮಧ್ಯಾಹ್ನ ಎರಡು ಗಂಟೆ

ಅವನು ಹೋಗಿ ಮೂರೂವರೆ ತಾಸಾಯಿತು. ಬಂದಿಲ್ಲ.

ಜಿಪ್ಪು ತೆರೆದಿದೆ. ಕೂದಲಿಲ್ಲ. ಪ್ಲಾಸ್ಟಿಕ್ ಕವರು ಬರಿದು.

ಸೊನ್ನೆ. ಏಳಲ್ಲ, ಆರಲ್ಲ, ಒಂದೇ ಏಟಿಗೆ ಸೊನ್ನೆ. ಹೆಂಡತಿ ಜ್ವರದಲ್ಲಿ ಬಿದ್ದಿರುವಾಗ. ಇಷ್ಟು ದಿನ ಕಾದದ್ದು ಬಂತು. ನಾನು ಹೇಳಿರಲಿಲ್ಲವೇ? ಯಾರಿಗೆ ಹೇಳಿದ್ದೆ? ಯಾರಿಗೂ ಹೇಳಿರಲಿಲ್ಲ. ಆದರೂ ಹೇಳಿದ್ದೆ ಅನ್ನಿಸುತ್ತಿದೆ. ದೇವರೇ, ಈ ಎದೆಯಲ್ಲಿ ಏಳುತ್ತಿರುವುದು ಸಂಕಟ ಮಾತ್ರವೇ ಆಗಿರಲಿ.

ನನ್ನ ಬಳಿ ಒಂದು ಐನೂರರ ನೋಟು, ನೂರೈವತ್ತರ ಚಿಲ್ಲರೆ ಇದೆ. ಇಲ್ಲಿ ಊರೊಳಗೆ ಎಲ್ಲಿಗೆ ಹೋದರೂ ಬಸ್ಸಿಗೆ ನೂರೈವತ್ತು. ಹೋಗುತ್ತೇನೆ. ಅವನನ್ನು ಅಲ್ಲೇ, ಆ ಸ್ಟೂಲಿನ ಮೇಲೆ ಕೂತಿರುವಾಗಲೇ ಕಾಣಬೇಕು.

ಜುಲೈ 30, ಸೋಮವಾರ. ಚಿಕಿತ್ಸಾಲಯ

ಕೈಗೆ ಸೂಜಿ ಚುಚ್ಚಿ ಔಷಧಿ ಇಳಿಸುತ್ತಿದ್ದಾರೆ. ಎಡಗೈ, ಹಾಗಾಗಿ ಬರೆಯಬಹುದು. ಕೆಂಪು ಗೆರೆ ಮೊಣಕಾಲಿನ ಕೆಳಗೆ ನಿಂತಿದೆ. ಇನ್ನೊಂದು ದಿನ ಬಿಟ್ಟಿದ್ದರೆ ಎಂದು ನರ್ಸ್ ಶುರು ಮಾಡಿ ವಾಕ್ಯ ಮುಗಿಸಲಿಲ್ಲ. ಹೊರಗೆ ಸ್ವಾತಂತ್ರ್ಯ ದಿನದ ಬ್ಯಾಂಡು.

ನಿನ್ನೆಯದನ್ನು ಕ್ರಮವಾಗಿ ಬರೆಯುತ್ತೇನೆ.

ಕ್ಯಾಸಿನೊ ಒಳಗೆ ತಣ್ಣಗಿತ್ತು. ಕುಂಟುತ್ತ ಒಂದೊಂದು ಸಾಲನ್ನೂ ನೋಡಿದೆ. ನೆವಿಲ್ ಇರಲಿಲ್ಲ. ಎರಡನೇ ಸುತ್ತು ಹಾಕುವಾಗ ಕಾಲು ನಿಲ್ಲಲಿಲ್ಲ, ಒಂದು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತೆ. ಕಾವಲಿನವನು ಬಂದ. "ಅಮ್ಮಾ, ಆಡೋರಿಗೆ ಮಾತ್ರ ಸೀಟು." ಎದ್ದರೆ ಬೀಳುತ್ತಿದ್ದೆ. ಐನೂರರ ನೋಟನ್ನು ಯಂತ್ರಕ್ಕೆ ಕೊಟ್ಟೆ, ಕೂರುವುದಕ್ಕೆ ಬಾಡಿಗೆ ಎಂದುಕೊಂಡು. ಬಾಗಿಲಿನ ಮೇಲೆ ಕಣ್ಣಿಟ್ಟು ಗುಂಡಿ ಒತ್ತುತ್ತಿದ್ದೆ. ಮೀನು, ಮುತ್ತು, ಆಮೆ ತಿರುಗುತ್ತಿದ್ದವು. ಒಮ್ಮೆ ಎರಡು ಸಾವಿರದ ಮುನ್ನೂರು ಬಂದಿತ್ತು. ತೆಗೆದುಕೊಂಡಿದ್ದರೆ ಬಸ್ಸಿಗೂ ಊಟಕ್ಕೂ ಆಗುತ್ತಿತ್ತು. ಇನ್ನೊಂದು ಆಮೆ ಬರುವುದರಲ್ಲಿತ್ತು, ಹಾಗಾಗಿ ಒತ್ತಿದೆ. ವಿಚಿತ್ರವೆಂದರೆ ಆ ಹೊತ್ತು ಕಾಲು ನೋಯಲಿಲ್ಲ. ಕಾಲಿದೆ ಎಂಬುದೇ ನೆನಪಿರಲಿಲ್ಲ.

"ಲೊರಿ."

ತಿರುಗಿ ನೋಡಿದೆ. ನೆವಿಲ್ ಗೋಡೆ ಹಿಡಿದುಕೊಂಡು, ತಲೆ ತಗ್ಗಿಸಿ, ನೆಲದ ಜಮಖಾನವನ್ನೇ ನೋಡುತ್ತ ಕುರುಡನಂತೆ ನಡೆದು ಬರುತ್ತಿದ್ದ. ಮುಖದಲ್ಲಿ ಬೆವರು. ಒಂದು ಯಂತ್ರವನ್ನೂ ಕಣ್ಣೆತ್ತಿ ನೋಡಲಿಲ್ಲ. ನನ್ನ ಕಾಲು ಕಂಡ ಮೇಲೆ ನಿಂತ.

"ಎದ್ದೇಳು. ನಂಗೆ ಇಲ್ಲಿ ಜಾಸ್ತಿ ಹೊತ್ತು ನಿಲ್ಲಕ್ಕಾಗಲ್ಲ."

"ನಿನ್ನ ಹುಡುಕ್ಕೊಂಡು ಬಂದೆ" ಅಂದೆ.

"ಗೊತ್ತು." ಅವನು ಯಂತ್ರದ ಮೇಲಿದ್ದ ನನ್ನ ಕೈಯನ್ನು ನಿಧಾನವಾಗಿ ತೆಗೆದ. "ಎಲ್ಲ ಹೋಯ್ತಾ?"

"ಐನೂರು."

"ಇರ್ಲಿ ಬಿಡು. ಬಾ."

ನಾನು ಹತ್ತು ನಿಮಿಷ ಕುಳಿತಿದ್ದೆ. ನೆವಿಲ್ ಒಂದೂವರೆ ಗಂಟೆ ಎನ್ನುತ್ತಾನೆ. ಜ್ವರವಿತ್ತಲ್ಲ.

ಬೆಳಿಗ್ಗೆ ಅವನು ಹೋದದ್ದು ಈ ಚಿಕಿತ್ಸಾಲಯಕ್ಕೇ. ಭಾನುವಾರ ಇರುವುದು ನರ್ಸ್ ಮಾತ್ರ. ಹಣ ಮುಂಗಡ ಕೊಡಬೇಕು, ಅದೂ ವಾಟು. ಡಾಲರ್ ತೆಗೆದುಕೊಳ್ಳುವ ಅಧಿಕಾರ ತನಗಿಲ್ಲ ಎಂದಳಂತೆ. ಬ್ಯಾಂಕಿಲ್ಲ, ಹಣ ಬದಲಿಸುವ ಅಂಗಡಿಯಿಲ್ಲ. ಉದ್ದನೆಯ ರಜೆಯಲ್ಲಿ ಇಡೀ ವಿಲಾದಲ್ಲಿ ಡಾಲರ್ ಬದಲಿಸಿಕೊಡುವ ಜಾಗ ಒಂದೇ, ಕ್ಯಾಸಿನೊದ ಕಿಟಕಿ. ನೆವಿಲ್ ಅದರ ಎದುರಿನ ಕಡಲ ಕಟ್ಟೆಯವರೆಗೆ ಹೋಗಿ ಅರ್ಧ ಗಂಟೆ ನಿಂತು ವಾಪಸಾದ. ತಂಗಿಯ ಮನೆಗೆ ಹೋಗಿದ್ದ ಲೈಸಾಲೆಯನ್ನು ಹುಡುಕಿಕೊಂಡು ಹೋಗಿ ಎಲ್ಲ ಹೇಳಿದ. ಅವಳಿಗೆ, ನಾಲ್ಕು ಪೈಸೆ ಕೂಡ ಪಣಕ್ಕಿಡದ ಚರ್ಚಿನ ಹೆಂಗಸಿಗೆ, ತನ್ನ ಹನ್ನೊಂದು ತಿಂಗಳ ಕಥೆಯನ್ನೆಲ್ಲ ಹೇಳಿದ.

ಇವತ್ತು ಸಂಜೆ ಲೈಸಾಲೆ ಸಾರು ತಂದಾಗ ಮಂಚದ ತುದಿಯಲ್ಲಿ ಕೂತು ಎದೆ ಮುಟ್ಟಿಕೊಂಡಳು.

"ಅಕ್ಕಾ, ನಿನ್ನ ಗಂಡನ ದೆಸೆಯಿಂದ ನಾನು ಸೈತಾನನ ಮನೆ ನೋಡಿಬಿಟ್ಟೆ. ತಣ್ಣಗಿದೆ ಕಣೇ! ನರಕ ಬಿಸಿ ಅಂತಾರಲ್ಲ, ಸುಳ್ಳು."

"ನೀನು ಒಳಗೆ ಹೋದ್ಯಾ?"

"ಮತ್ತೇನು? ಭಾವ ಬರಲ್ಲ ಅಂದ. ಆಚೆ ಕಟ್ಟೆ ಮೇಲೆ ಮೀನು ಕಾಯೋ ಕೊಕ್ಕರೆ ಥರ ನಿಂತಿದ್ದ. ನಾನೂರು ಕೊಟ್ಟೆ, ಕಿಟಕಿಯೋನು ಇಪ್ಪತ್ತೊಂಬತ್ತು ಸಾವಿರ ಕೊಟ್ಟ. ಬ್ಯಾಂಕಲ್ಲಾದ್ರೆ ಮೂವತ್ತೆರಡು ಮೂವತ್ಮೂರು ಸಿಕ್ತಿತ್ತು. ಕಳ್ಳರು. ಹೊರಗೆ ಬರುವಾಗ ಪಾಸ್ಟರ್ ಹೆಂಡ್ತಿ ಬಸ್ಸಿಂದ ನೋಡಿದಳು. ಮುಂದಿನ ಶನಿವಾರ ನನ್ನ ಮೇಲೇ ಪ್ರಸಂಗ, ನೋಡ್ತಿರು."

ಅವರು ಹಣ ತಂದು ಕೋಣೆಗೆ ಬಂದರೆ ನಾನಿಲ್ಲ. ಬಸ್ಸಿನ ಚಾಲಕ ಲೈಸಾಲೆಯ ಅಳಿಯ. ಕುಂಟುವ ಬಿಳಿ ಹೆಂಗಸನ್ನು ಎಲ್ಲಿ ಇಳಿಸಿದ್ದೆ ಎಂದು ಅವನು ಹೇಳಿದ. ಆಗ ಲೈಸಾಲೆ, ನಾನೇ ಒಳಗೆ ಹೋಗಿ ಕರ್ಕೊಂಡು ಬರ್ತೀನಿ ಅಂದಳಂತೆ. ನೆವಿಲ್ ಬೇಡ ಅಂದ. "ಅದು ನಾನೇ ಹೋಗಬೇಕಾದ್ದು."

ಅವಳು ಹೋದ ಮೇಲೆ ಕೇಳಿದೆ. "ಆ ದುಡ್ಡು ಎಲ್ಲಿಂದ ಬಂತು ನೆವ್?"

"ಕೊನೇ ದಿನದ್ದು. ಕ್ಲಬ್ ಗೇಟ್ ತನಕ ಹೋಗಿ ವಾಪಸ್ ಬಂದ್ನಲ್ಲ, ಅವತ್ತು ಜೇಬಲ್ಲಿದ್ದಿದ್ದು. ಎಂಟು ನೋಟು. ನಿಂಗೆ ಕೊಟ್ರೆ ಕರೆಂಟ್ ಬಿಲ್ಲಿಗೆ ಹೋಗ್ತಿತ್ತು. ಇಟ್ಕೊಂಡೆ. ದಿನಾ ಹಲ್ಲುಜ್ಜುವಾಗ ಎಣಿಸ್ತಿದ್ದೆ. ಎಂಟಿದ್ರೆ ಅವತ್ತಿನ ದಿನ ಸರಿಯಾಗಿದೆ ಅಂತ."

"ದಿನಾ ಎಣಿಸ್ತಿದ್ಯಾ? ಇಲ್ಲೂ?"

"ಇಲ್ಲೂ."

"ಆದ್ರೆ ಕೂದಲು..." ಬಾಯಿ ತಪ್ಪಿ ಬಂದುಬಿಟ್ಟಿತು.

ಅವನು ಬಾಟಲಿಯಿಂದ ಇಳಿಯುವ ಹನಿಗಳನ್ನು ನೋಡುತ್ತ ಕುಳಿತ. "ನಿಂದು ಅಂತ ಗೊತ್ತಾಯ್ತು. ಉದ್ದ ಇತ್ತು. ಪ್ರತಿ ಸಲ ಎಣಿಸಿದ ಮೇಲೆ ಇದ್ದ ಹಾಗೇ ವಾಪಸ್ ಇಡ್ತಿದ್ದೆ."

"ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ತೀಯ ಅಂತ ಕಾದೆ. ನಿನ್ನೆ ಬೆಳಿಗ್ಗೆ ಹೇಳೋಣ ಅಂತ ಬಾಯಿ ತೆರೆದೆ ಲೊರಿ. ನೀನು ನೋಡ್ತಿದ್ದ ರೀತಿ ಇತ್ತಲ್ಲ, ಬಲೆ ಹಾಕಿ ಕೂತೋರ ಥರ. ಮಾತು ಬರ್ಲಿಲ್ಲ. ದುಡ್ಡು ಮಾಡಿಸ್ಕೊಂಡೇ ಬಂದು ಕೈಗೆ ಕೊಡೋಣ ಅನ್ನಿಸ್ತು. ಒಂದ್ಸಲ ನಾನು ಕೊಡೋನಾಗ್ಬೇಕು ಅಂತ."

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಎಂಟು ನೋಟು ಇನ್ನಿಲ್ಲ, ಅವನು ಇನ್ನು ಏನನ್ನು ಎಣಿಸುತ್ತಾನೆ ಎಂದು ಯೋಚಿಸುತ್ತಿದ್ದೆ. ಕಣ್ಣು ಮುಚ್ಚಿದರೆ ಆಮೆಗಳು ತಿರುಗುತ್ತವೆ.

ಜುಲೈ 31, ಮಂಗಳವಾರ

ಚಿಕಿತ್ಸಾಲಯದಿಂದ ಬಿಟ್ಟರು. ಹದಿನಾಲ್ಕು ಸಾವಿರ ಕಟ್ಟಿದ್ದು ನೆವಿಲ್. ಮಾತ್ರೆ ಕೊಂಡದ್ದು ನೆವಿಲ್. ನನಗೆ ನಡೆಯಲಾಗುವುದಿಲ್ಲವಲ್ಲ, ಉಳಿದದ್ದು ಅವನ ಜೇಬಿನಲ್ಲೇ ಇದೆ. ಲೈಸಾಲೆ ಸಾರಿಗೆ ದುಡ್ಡು ಬೇಡವೆಂದಳು. ಅವಳ ಪಂಪು ಮತ್ತೆ ಕೆಟ್ಟಿತ್ತು, ಮಧ್ಯಾಹ್ನವೆಲ್ಲ ಕೂತು ಸರಿಮಾಡಿಕೊಟ್ಟ.

"ನಂಗೆ ಸ್ವಲ್ಪ ಚಿಲ್ಲರೆ ಕೊಡು" ಅಂದೆ ಸಂಜೆ.

"ಯಾತಕ್ಕೆ?"

"ಹೀಗೇ. ಕೈಲಿರಲಿ ಅಂತ."

ಅವನು ಒಂದು ಕ್ಷಣ ತಡೆದ. ಆಮೇಲೆ ಐನೂರು ಕೊಟ್ಟ, ನೂರರ ಐದು ನಾಣ್ಯ. ಥ್ಯಾಂಕ್ಸ್ ಅಂದೆ. ಗಂಡನ ಮುಂದೆ ಕೈಚಾಚುವುದು ಎಂಥ ಮುಜುಗರ, ಅದು ಯಾರಿಗೂ ಅರ್ಥವಾಗುವುದಿಲ್ಲ.

ಲೈಸಾಲೆಯ ಕಿಟಕಿಯಲ್ಲಿ ಬಿಸ್ಕತ್ತು, ಸೋಪು ಕೊಂಡೆ. ನಾಲ್ಕು ನಾಣ್ಯ ಖರ್ಚಾಯಿತು. ಒಂದನ್ನು ಈ ಪುಸ್ತಕದ ಹಿಂದಿನ ರಟ್ಟಿನ ಸೀಳಿನಲ್ಲಿ ಇಟ್ಟಿದ್ದೇನೆ. ನೆನಪಿಗೆ. ವಿಮಾನ ನಿಲ್ದಾಣದ ಮೂಲೆಯಲ್ಲಿ ಎರಡು ಯಂತ್ರಗಳಿವೆ, ಬರುವಾಗ ನೋಡಿದ್ದೆ. ಅವು ನಾಣ್ಯ ತೆಗೆದುಕೊಳ್ಳುವಂಥವು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೆವ್ ಫೋನ್ ಮಾಡಿದ್ದಳು. "ಹೇಗಿದ್ದಾನೆ?" ಅಂದಳು. ಚೆನ್ನಾಗಿದ್ದಾನೆ ಅಂದೆ. "ನೀನು?" ಎಂದು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟುಬಿಡು ಅಂದೆ.

ಆಗಸ್ಟ್ 1, ಬುಧವಾರ. ವಿಮಾನ ನಿಲ್ದಾಣ

ಲೈಸಾಲೆ ಬೀಳ್ಕೊಡಲು ಬಂದಿದ್ದಳು. ನನ್ನ ಕೊರಳಿಗೆ ಹೂವಿನ ಹಾರ, ನೆವಿಲ್‌ಗೆ ಒಂದು ಗುದ್ದು. "ಭಾವಾ, ಮುಂದಿನ ಸಲ ನನ್ನನ್ನ ಎಲ್ಲಿಗೆ ಕಳಿಸ್ತೀಯ? ಸಾರಾಯಿ ಅಂಗಡಿಗಾ?"

"ಪಾಸ್ಟರ್ ಹೆಂಡ್ತೀನೂ ಕರ್ಕೊಂಡು ಹೋಗು" ಅಂದ ಇವನು.

ನೆವಿಲ್ ಈಗ ಚಹಾ ತರಲು ಹೋಗಿದ್ದಾನೆ. ನನ್ನನ್ನು ಕಿಟಕಿಯ ಬಳಿ, ಮೂಲೆಗೆ ಬೆನ್ನು ಹಾಕಿ ಕೂರಿಸಿದ್ದಾನೆ. ಕಾಲಿಗೆ ಆಸರೆ ಕೊಡಲು ಇದೇ ಕುರ್ಚಿ ಸರಿ ಅಂದ. ಹಿಂದಿನಿಂದ ಯಂತ್ರಗಳ ಸದ್ದು ಕೇಳುತ್ತದೆ. ಯಾರೋ ಗೆದ್ದರು ಅನ್ನಿಸುತ್ತದೆ.

ಕವಿತೆಯ ಪುಸ್ತಕ ತೆಗೆದೆ. ಮೂರನೆಯ ಸಾಲು. ಮುಚ್ಚಿದೆ.

ಇದನ್ನು ಬರೆಯಲೆಂದು ಈ ಪುಸ್ತಕ ಚೀಲದಿಂದ ಎತ್ತಿದಾಗ ಹಿಂದಿನ ರಟ್ಟಿನ ಸೀಳಿನ ಮೇಲೆ ಏನೋ ಅಂಟಿಕೊಂಡಂತೆ ಕಂಡಿತು. ಗಿಡ್ಡನೆಯ, ನರೆತ ಕೂದಲು. ನನ್ನದಲ್ಲ. ಸರಿಯಾಗಿ ಅಡ್ಡ ಇಟ್ಟಂತಿತ್ತು.

ನಾಣ್ಯ ಒಳಗೇ ಇದೆ, ಬೆರಳಿಗೆ ತಗಲಿತು.

ಅವನು ಎರಡು ಲೋಟ ಹಿಡಿದುಕೊಂಡು ಚೆಲ್ಲದಂತೆ ನಿಧಾನವಾಗಿ ಬರುತ್ತಿದ್ದಾನೆ, ನೆಲ ನೋಡುತ್ತ. ಕೂದಲನ್ನು ಮತ್ತೆ ಇದ್ದ ಹಾಗೇ ಇಡುತ್ತಿದ್ದೇನೆ.